ನ್ಯಾರಿ ಹೊತ್ತಿನ ಊರುಗಳು

“ನ್ಯಾರಿ ಹೊತ್ತಿಗೆ ಬರ್ತೀನ್ರೀ ಕಾಕಾ” ಅಂದರೆ ಬೈಲಹೊಂಗಲದ ಸುತ್ತಿನ ಹಳ್ಳಿಗಳಲ್ಲಿ ಮಾತು ಮುಗಿಯಿತು. ನ್ಯಾರಿ ಅಂದರೆ ಮುಂಜಾನೆಯ ಉಪಾಹಾರ; ಅದು ಎಷ್ಟು ಗಂಟೆಗೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೋಳಿ ಕೂಗೂ ಹೊತ್ತು, ಬೆಳ್ಳಿ ಮೂಡೂ ಹೊತ್ತು, ಹೆಂಡಿಕಸ ತೆಗೆಯೂ ಹೊತ್ತು, ದನ ತಿರುಗೂ ಹೊತ್ತು, ದೀಪ ಹಚ್ಚೂ ಹೊತ್ತು. ಹೊತ್ತಿನ ಹೆಸರು ಹೇಳಿದವನು ಆಗ ಏನು ಮಾಡುತ್ತಿರುತ್ತಾನೆ, ಅವನನ್ನು ಹೊಲದಲ್ಲಿ ಹುಡುಕಬೇಕೋ ಹಿತ್ತಲದಲ್ಲೋ ಎಂಬುದೂ ಅದರಲ್ಲೇ ತಿಳಿಯುತ್ತಿತ್ತು.

ಗಡಿಯಾರಕ್ಕೂ ನಮ್ಮ ಕಡೆಯ ಸೂರ್ಯನಿಗೂ ಮೊದಲಿನಿಂದ ಅಷ್ಟಕ್ಕಷ್ಟೆ. 1906ರ ಜನವರಿ 1ರಿಂದ ದೇಶಕ್ಕೆಲ್ಲ ಒಂದೇ ವೇಳೆ ಎಂದು ಬ್ರಿಟಿಷ್ ಸರ್ಕಾರ ಗೊತ್ತುಮಾಡಿದಾಗ ಆಧಾರವಾಗಿ ಹಿಡಿದದ್ದು ಮಿರ್ಜಾಪುರದ ಕಡೆ ಹಾಯುವ 82.5 ಡಿಗ್ರಿ ರೇಖಾಂಶವನ್ನು. ಬೈಲಹೊಂಗಲ ಅಲ್ಲಿಂದ ಏಳು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆಯ ಸುಮಾರಿಗೆ. ಮುಂಬೈ ನಗರ ಹಟ ಹಿಡಿದು 39 ನಿಮಿಷ ಹಿಂದಿದ್ದ ತನ್ನದೇ ವೇಳೆಯನ್ನು 1955ರವರೆಗೆ ಇಟ್ಟುಕೊಂಡಿತು. ನಮ್ಮವರು ಆ ಜಗಳಕ್ಕೇ ಹೋಗಲಿಲ್ಲ. ನೆರಳು ಕಾಲಡಿಗೆ ಬಂದಾಗ ಬುತ್ತಿ ಬಿಚ್ಚಿದರು.

ಬೇರೆ ಊರುಗಳಿಗೆ ಗಡಿಯಾರದ ಶಿಸ್ತು ಬಂದದ್ದು ರೈಲಿನಿಂದ. ಬೈಲಹೊಂಗಲ, ಸವದತ್ತಿ, ರಾಮದುರ್ಗಕ್ಕೆ ಇವತ್ತಿಗೂ ರೈಲಿಲ್ಲ. ನಮಗೆ ಇದ್ದದ್ದು ವಸ್ತಿ ಬಸ್ಸು. ಸಂಜೆ ಬಂದು ಊರಲ್ಲೇ ಮಲಗಿ ನಸುಕಿನಲ್ಲಿ ಹೊರಡುವ ಆ ಬಸ್ಸಿನ ಹಾರ್ನು ಕೇಳಿದ ಮೇಲೆ ರೊಟ್ಟಿ ಬಡಿಯಲು ಕೂಡುವ ಮನೆಗಳಿದ್ದವು. ಬಸ್ಸು ತಡವಾದರೆ ಊರಿನ ಊಟವೂ ತಡ. ಅದಕ್ಕೆ ಯಾರೂ ಬೇಸರಪಡಲಿಲ್ಲ. ಬೈಲಹೊಂಗಲದ ಪೇಟೆಯಲ್ಲಿ ಅರಳಿ ಸುಗ್ಗಿ ಬಂತೆಂದರೆ ಜಿನ್ನಿಂಗ್ ಫ್ಯಾಕ್ಟರಿಯ ಭೋಂಗಾ. 1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ಪಂಚಾಯತಿ ಕಟ್ಟೆಯ ರೇಡಿಯೊ. ಇವೂ ಗಡಿಯಾರಗಳೇ, ಆದರೆ ಇಡೀ ಊರು ಕೂಡಿ ಕೇಳುವಂಥವು. ಕೈಗಡಿಯಾರ ಎಂಬುದು ಲಗ್ನದಲ್ಲಿ ಮಾವನ ಮನೆಯವರು ಕೊಡುವ ಎಚ್‌ಎಂಟಿ. ಅಳಿಯ ಅದನ್ನು ಜಾತ್ರೆಗೆ ಕಟ್ಟಿಕೊಂಡು ಉಳಿದ ದಿನ ಟ್ರಂಕಿನಲ್ಲಿಡುತ್ತಿದ್ದ.

ರಾಮದುರ್ಗದ ನೇಕಾರರ ಲೆಕ್ಕವೇ ಬೇರೆ. ಕುಣಿ ಮಗ್ಗದಲ್ಲಿ ಕುಳಿತವನು ತಾಸು ಎಣಿಸುತ್ತಿರಲಿಲ್ಲ, ಎಷ್ಟು ಮೊಳ ಇಳಿಯಿತು ಎಂದು ನೋಡುತ್ತಿದ್ದ. ಪವರ್‌ಲೂಮ್ ಬಂದ ಮೇಲೆ ಕರೆಂಟು ಇದ್ದಾಗ ಹಗಲು, ಹೋದಾಗ ರಾತ್ರಿ.

ವರ್ಷದ ಅಳತೆ ಮಳೆಯದು. ಜೂನ್ 7ರ ಸುಮಾರಿಗೆ ಮಿರಗ ಕೂಡುತ್ತದೆ. ಅಲ್ಲಿಂದ ಸುಮಾರು ಹದಿನಾಲ್ಕು ದಿನಕ್ಕೊಂದರಂತೆ ಆರಿದ್ರ, ಪುನರ್ವಸು, ಪುಷ್ಯ. ಉತ್ತರಿ, ಹಸ್ತದ ಹೊತ್ತಿಗೆ ಸವದತ್ತಿಯ ಎರಿ ಹೊಲಗಳಲ್ಲಿ ಬಿಳಿಜೋಳದ ಬಿತ್ತನೆ. ಬಡಿಗೇರ, ಕಂಬಾರ ವರ್ಷವಿಡೀ ಮಾಡಿಕೊಟ್ಟ ಕೆಲಸಕ್ಕೆ ಕಣದಲ್ಲಿ ಕಾಳಿನ ಆಯ. ಅಂಗಡಿಯ ಉದ್ರಿಯೂ ಸುಗ್ಗಿಗೇ ತೀರುವುದು. ತಿಂಗಳಿಗೊಮ್ಮೆ ಬಿಲ್ಲು ಬರುವ ಕಾಲದಲ್ಲಿ ಕುಳಿತು ನೋಡಿದರೆ ಆ ನಂಬಿಕೆಯ ಉದ್ದ ಆಶ್ಚರ್ಯ ಹುಟ್ಟಿಸುತ್ತದೆ. ಈಗ ಬೈಲಹೊಂಗಲ, ಕಿತ್ತೂರಿನ ಕಡೆ ಕಬ್ಬು ಹಬ್ಬಿದೆ. ಕಬ್ಬಿಗೆ ಮಿರಗವೂ ಇಲ್ಲ, ಹಸ್ತವೂ ಇಲ್ಲ. ಅದರ ಗಳಿಗೆ ನೋಡುವುದು ಕಟಾವಿನ ಪಾಳಿ ಹಚ್ಚುವ ಕಾರ್ಖಾನೆ. ಪಂಪ್‌ಸೆಟ್ಟಿಗೆ ಕೊಡುವ 7 ತಾಸಿನ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ ರೈತ ನಡುರಾತ್ರಿ ಮೊಬೈಲಿನ ಅಲಾರಾಮಿಗೆ ಎದ್ದು ಹಾವು ಚೇಳಿನ ನಡುವೆ ನೀರು ತಿರುವಬೇಕು.

ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಚಕ್ಕಡಿ ಕಟ್ಟಿದವರು ದಾರಿಯಲ್ಲಿ ಇಳಿದು, ಅಡಿಗೆ ಮಾಡಿ, ಎತ್ತು ಮೇಯಿಸಿ, ಎಷ್ಟು ದಿನವಾದರೂ ಆಗಲಿ ಎಂದು ಹೋಗುತ್ತಿದ್ದರು. ಚಕ್ಕಡಿಗಳು ಈಗಲೂ ಬರುತ್ತವೆ, ಮೊದಲಿನಷ್ಟಲ್ಲ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಅವರು ಮುಂಜಾನೆ ಬಸ್ಸು ಹತ್ತಿ ದರ್ಶನ ಮಾಡಿ ಸಂಜೆಗೆ ತಿರುಗಿ ಬರುತ್ತಾರೆ. ಇದಕ್ಕೆ ನಾನು ಮರುಗಲಾರೆ. ವರ್ಷಗಟ್ಟಲೆ ಒಲೆ ಬಿಟ್ಟು ಕದಲದ ಎಷ್ಟೋ ಅವ್ವಂದಿರು ಈಗ ಗುಡ್ಡ ಕಂಡಿದ್ದಾರೆ.

ಹಳೆಯ ಹೊತ್ತು ಎಲ್ಲರಿಗೂ ಒಂದೇ ತೆರನಾಗಿ ಸುಖ ಕೊಟ್ಟಿತೆಂದು ಹೇಳಿದರೆ ಸುಳ್ಳು ಹೇಳಿದಂತೆ. ಕೋಳಿ ಕೂಗುವ ಮೊದಲೇ ಬೀಸುವ ಕಲ್ಲಿನ ಮುಂದೆ ಕುಳಿತವಳು ಹೆಂಗಸು. ವರ್ಷದ ಲೆಕ್ಕಕ್ಕೆ ದುಡಿಯಲು ನಿಂತ ಆಳುಮಗನಿಗೆ ಕೆಲಸ ಶುರುವಾಗುವ ಹೊತ್ತಿತ್ತು, ಮುಗಿಯುವ ಹೊತ್ತು ಇರಲಿಲ್ಲ. ಅವರಿಗೆ ಗಡಿಯಾರ ಬೇಕಾಗಿತ್ತು. ದುಃಖವೆಂದರೆ, ಅದು ಬಂದಾಗ ಅವರ ಪರವಾಗಿ ಬರಲಿಲ್ಲ. 2023ರ ಜನವರಿಯಿಂದ ಉದ್ಯೋಗ ಖಾತರಿ ಕೆಲಸಕ್ಕೆ ಮೊಬೈಲ್ ಹಾಜರಿ ಕಡ್ಡಾಯವಾಯಿತು, ದಿನಕ್ಕೆ ಎರಡು ಬಾರಿ ಫೋಟೊ. ಕೊಟ್ಟ ಮಣ್ಣು ಬೇಗ ಕಡಿದು ಮುಗಿಸಿದವಳೂ ಎರಡನೆಯ ಫೋಟೊಕ್ಕೆಂದು ಬಿಸಿಲಲ್ಲಿ ಕೂಡಬೇಕು. ನೆಟ್‌ವರ್ಕ್ ಕೈಕೊಟ್ಟರೆ ಕೂಲಿಗೇ ಸಂಚಕಾರ.

ಈ ಎಲ್ಲದರ ನಡುವೆ ನನಗೆ ಹೆಚ್ಚು ನೋವು ಕೊಡುವುದು ಸೋಮವಾರ ಹೋದದ್ದು. ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಹದ ಆರಿಹೋಗುತ್ತಿದ್ದರೂ ಹೂಡಿದವನನ್ನು ಊರು ಬಿಡುತ್ತಿರಲಿಲ್ಲ. ಯಾವ ಕಾಯ್ದೆಯೂ ಹೇಳಿದ್ದಲ್ಲ ಅದು. ಕಳೆ ತೆಗೆಯುವ ಹೆಣ್ಣಾಳುಗಳಿಗೆ ಬಿಡುವಿರಲಿಲ್ಲ, ನಿಜ. ಆದರೂ ಅಂದು ಎತ್ತುಗಳನ್ನು ಹಳ್ಳಕ್ಕೆ ಹೊಡೆದು ಮೈ ತೊಳೆಯುವುದು, ಹಗ್ಗ ಹೊಸೆಯುವುದು, ಕುಂಟಿ ಕುಡ ಹಣಿಸಲು ಕಂಬಾರ ಸಾಲೆಗೆ ಹೋಗಿ ಅಲ್ಲೇ ಬೀಗತನದ ಮಾತು ಎತ್ತುವುದು ನಡೆಯುತ್ತಿತ್ತು. ಎತ್ತಿನ ದಣಿವು ನೋಡಿ ಮನುಷ್ಯ ತನ್ನ ದಣಿವನ್ನೂ ತಿಳಿದುಕೊಳ್ಳುತ್ತಿದ್ದ.

ಟ್ರ್ಯಾಕ್ಟರಿನ ಬಾಡಿಗೆ ತಾಸಿನ ಲೆಕ್ಕ. ಅದಕ್ಕೆ ಹೆಗಲಿಲ್ಲ, ಸೋಮವಾರವೂ ಇಲ್ಲ. ಆದರೆ ಅದರ ಮೇಲೆ ಕುಳಿತ ಡ್ರೈವರ್ ಹುಡುಗನಿಗೆ ಹೆಗಲಿದೆ. ಹಂಗಾಮಿನಲ್ಲಿ ಅವನು ರಾತ್ರಿ ಲೈಟು ಹಚ್ಚಿಕೊಂಡು ರಂಟಿ ಹೊಡೆಯುತ್ತಾನೆ, ಐತವಾರವೂ ಹೊಡೆಯುತ್ತಾನೆ. ಟ್ರ್ಯಾಕ್ಟರ್ ಇಟ್ಟ ಧಣಿಗಳೇ, ವಾರಕ್ಕೊಂದು ದಿನ ಅವನಿಗೆ ಕೀಲಿ ಕೊಡಬೇಡಿ, ಪಗಾರವನ್ನೂ ಹಿಡಿಯಬೇಡಿ. ನಿಮ್ಮ ಮುತ್ಯಾ ಎತ್ತಿಗೆ ಕೊಟ್ಟಿದ್ದನ್ನೇ ಅವನಿಗೂ ಕೊಡಿರಿ.