15 ಮಿಲಿಮೀಟರ್

ನಾಗಪುರಕ್ಕೆ ಬಂದು 11 ವರ್ಷವಾಯಿತು. ಬುಟಿಬೋರಿಯ ಕಾರ್ಖಾನೆಯೊಂದರಲ್ಲಿ ಕೆಲಸ. ಇಲ್ಲಿ ಈಗಲೂ ಕೆಲವರಿಗೆ ನಾನು 'ಮದ್ರಾಸಿ'. ರೋಣ ಎಲ್ಲಿದೆ, ಮದ್ರಾಸು ಎಲ್ಲಿದೆ ಎಂದು ವಿವರಿಸುವುದನ್ನು ಬಿಟ್ಟುಬಿಟ್ಟಿದ್ದೇನೆ. ಎರಡು ವರ್ಷದ ಹಿಂದೆ, ಹೆಂಡತಿ ಬೇಡವೆಂದರೂ ಕೇಳದೆ, ಸೆಕೆಂಡ್ ಹ್ಯಾಂಡ್ ಆಡಿ ಟಿಟಿ ಕೊಂಡೆ. ಹಿಂದಿನ ಎರಡು ಸೀಟು ಹೆಸರಿಗೆ ಮಾತ್ರ. ಮಗಳ ಸ್ಕೂಲ್ ಬ್ಯಾಗು ಕೂತರೆ ಮಗಳಿಗೆ ಜಾಗವಿಲ್ಲ. ಆದರೆ ಆ ಕಾರಿನಿಂದ ಇಳಿದಾಗ ನೀನು ಎಲ್ಲಿಯವನು ಎಂದು ಯಾರೂ ಕೇಳುವುದಿಲ್ಲ, ಕಾರು ಎಷ್ಟಕ್ಕೆ ಬಿತ್ತು ಎಂದು ಕೇಳುತ್ತಾರೆ. ನನಗೆ ಬೇಕಾಗಿದ್ದೂ ಅದೇ ಇರಬೇಕು.

ಒಂದು ಭಾನುವಾರ ಸಂಜೆ ಫುಟಾಳಾ ಕೆರೆಯ ದಂಡೆಯಲ್ಲಿ ಕಾರು ನಿಲ್ಲಿಸಿದ್ದೆ. ಹುಡುಗನೊಬ್ಬ ಒಂದು ಸುತ್ತು ಹಾಕಿ ನೋಡಿ, "ಭಾವೂ, ಗಾಡಿ ಮಸ್ತ್ ಇದೆ. ಗಾಲಿ ಮಾತ್ರ ಒಳಗೆ ಹೋಗಿವೆ. ಸ್ಪೇಸರ್ ಹಾಕಿಸಿ" ಅಂದ. ಅಲ್ಲಿಯವರೆಗೆ ಕಣ್ಣಿಗೆ ಬೀಳದೇ ಇದ್ದದ್ದು ಅವತ್ತಿನಿಂದ ಅದೊಂದೇ ಕಾಣತೊಡಗಿತು.

ಸ್ಪೇಸರ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಹಬ್‌ಗೂ ಗಾಲಿಗೂ ನಡುವೆ ಇಡುವ ಅಲ್ಯೂಮಿನಿಯಂ ಬಿಲ್ಲೆ. ಅದರ ದಪ್ಪ ಎಷ್ಟೋ ಅಷ್ಟು ಗಾಲಿ ಹೊರಗೆ ಬರುತ್ತದೆ. ನಾನು ಹಾಕಿಸಿದ್ದು ನಾಲ್ಕೂ ಗಾಲಿಗೆ 15 ಮಿಲಿಮೀಟರಿನವು. ಒಂದು ತಾಸಿನ ಕೆಲಸ. ಅಂಗಡಿಯ ಮುಂದೆ ಕಾರು ಇಳಿಸಿದಾಗ ನನಗೇ ಗುರುತು ಸಿಗಲಿಲ್ಲ. ಟೈರು ಮಡ್‌ಗಾರ್ಡಿನ ಅಂಚಿಗೆ ಸಮನಾಗಿ, ಕಾರು ನೆಲಕ್ಕೆ ಕಾಲು ಅಗಲಿಸಿ ನಿಂತ ಹಾಗಿತ್ತು. ಬರೀ ಒಂದೂವರೆ ಸೆಂಟಿಮೀಟರಿಗೆ ಇಷ್ಟು ಬದಲಾವಣೆಯೇ ಅನ್ನಿಸಿತು.

ಓಡಿಸುವಾಗಲೂ ಬದಲಾಗಿದೆ ಎಂದುಕೊಂಡೆ. ಗಾಲಿಗಳ ನಡುವಿನ ಅಂತರ ಹೆಚ್ಚಿದಷ್ಟೂ ತಿರುವಿನಲ್ಲಿ ಒಳಗಿನ ಗಾಲಿಯಿಂದ ಹೊರಗಿನ ಗಾಲಿಗೆ ಜಾರುವ ಭಾರ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಒಂದೂವರೆ ಮೀಟರ್ ಚಿಲ್ಲರೆ ಅಂತರಕ್ಕೆ ನಾನು ಸೇರಿಸಿದ್ದು 30 ಮಿಲಿಮೀಟರ್. ಲಾಭ ನೂರಕ್ಕೆ ಎರಡು. ಆ ಎರಡನ್ನು ಗುರುತಿಸುವಷ್ಟು ಒಳ್ಳೆಯ ಡ್ರೈವರ್ ನಾನಲ್ಲ.

ಕಳೆದುಕೊಂಡದ್ದು ಮಾತ್ರ ವಾರದೊಳಗೆ ಗೊತ್ತಾಯಿತು. ಲಾರಿಗಳು ಓಡಾಡಿ ಗುಣಿ ಬಿದ್ದ ರಸ್ತೆಯಲ್ಲಿ ಸ್ಟೇರಿಂಗ್ ಕೈಯನ್ನು ಅತ್ತ ಇತ್ತ ಎಳೆಯತೊಡಗಿತು. ಮುಂದಿನ ಗಾಲಿ ಒಂದು ಓರೆ ಗೆರೆಯ ಸುತ್ತ ತಿರುಗುತ್ತದೆ. ಆ ಗೆರೆಯನ್ನು ನೆಲದವರೆಗೆ ಎಳೆದರೆ ಟೈರಿನ ನಡುವಿಗೆ ಅದು ಎಷ್ಟು ಹತ್ತಿರ, ಯಾವ ಬದಿಗೆ ಎಂಬುದರ ಮೇಲೆ ಸ್ಟೇರಿಂಗಿನ ಗುಣ ನಿಂತಿದೆ. ಒಂದು ಬದಿಯ ಬ್ರೇಕು ಹೆಚ್ಚು ಹಿಡಿದರೂ ಕಾರು ನೇರ ಹೋಗಲಿ ಎಂದು 1972ರ ಆಡಿ 80 ಕಾರಿನಲ್ಲಿ ಆ ಗೆರೆ ಟೈರಿನ ನಡುವಿಗಿಂತ ತುಸು ಹೊರಗೆ ಬೀಳುವಂತೆ ಮಾಡಿದ್ದರು. ಎಂಜಿನಿಯರುಗಳು ಮಿಲಿಮೀಟರ್ ಲೆಕ್ಕದಲ್ಲಿ ಕೂಡಿಸಿದ್ದನ್ನು ನಾನು ಒಂದು ತಾಸಿನಲ್ಲಿ ಕೆಡಿಸಿದ್ದೆ. ಗಾಲಿ ಹೊರಗೆ ಹೋದಷ್ಟೂ ಬೇರಿಂಗಿನ ಮೇಲೆ ಹೊರೆ ಹೆಚ್ಚುವುದು ಬೇರೆ. ಆದರೂ ತೆಗೆಸಲಿಲ್ಲ. ಕಾರು ಅಷ್ಟು ಚೆನ್ನಾಗಿ ಕಾಣುತ್ತಿತ್ತು.

ಚಳಿಗಾಲದಲ್ಲಿ ಅಪ್ಪ ಊರಿಂದ ಬಂದರು. ಜೀವಮಾನವೆಲ್ಲ ಚಕ್ಕಡಿ ಹೂಡಿದವರು. ಕೆಳಗಿನ ಪಾರ್ಕಿಂಗಿನಲ್ಲಿ ಕಾರು ನೋಡಿ, ಬಗ್ಗಿ, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿದರು.

"ಗಾಲಿ ಹೊರಗ ಬಂದಾವಲ್ಲೋ?"

"ನಾನ ತರಸೀನಿ ಅಪ್ಪಾ. ಛಲೋ ಕಾಣತೈತಿ ಅಂತ."

"ಯಾರಿಗೆ ಕಾಣಾಕ?"

ನಾನು ನಕ್ಕು ಮಾತು ಮರೆಸಿದೆ.

ಅಪ್ಪನಿಗೆ ಶಿರಡಿ ನೋಡುವ ಆಸೆ. ಸಮೃದ್ಧಿ ಹೆದ್ದಾರಿಯಲ್ಲಿ ಇಲ್ಲಿಂದ 520 ಕಿಲೋಮೀಟರ್. 2022ರ ಡಿಸೆಂಬರಿನಲ್ಲಿ ಮೊದಲು ತೆರೆದದ್ದೇ ಆ ಭಾಗ. ಬೆಳಿಗ್ಗೆ ಐದಕ್ಕೆ ಇಬ್ಬರೇ ಹೊರಟೆವು. ಶಿವಮಡಕಾದಲ್ಲಿ ಹೆದ್ದಾರಿ ಹತ್ತಿ, ಕಾಂಕ್ರೀಟಿನ ಮೇಲೆ ಗಂಟೆಗೆ ನೂರು ದಾಟಿದಾಗ ಸೀಟಿನ ಕೆಳಗೆ ಸಣ್ಣ ನಡುಕ. ರಸ್ತೆಯದ್ದಿರಬೇಕು ಎಂದುಕೊಂಡೆ. ವರ್ಧಾ ಹತ್ತಿರವಾಗುವಷ್ಟರಲ್ಲಿ ನಡುಕದ ಜೊತೆಗೆ ಟಕ್ ಟಕ್ ಸದ್ದು. ಅಪ್ಪ ಒಂದೇ ಮಾತು ಅಂದರು: "ನಿಲ್ಲಸು."

ಬದಿಗೆ ಹಾಕಿ ಇಳಿದೆ. ಹಿಂದಿನ ಎಡಗಾಲಿಯ ಐದು ಬೋಲ್ಟುಗಳಲ್ಲಿ ಎರಡು ನನ್ನ ಬೆರಳಿಗೇ ತಿರುಗಿದವು. ಪಕ್ಕದಲ್ಲಿ ಲಾರಿಗಳು ಗಾಳಿ ಹೊಡೆಸಿಕೊಂಡು ಹೋಗುತ್ತಿದ್ದವು. ಸ್ಪಾನರ್ ಹಿಡಿದ ನನ್ನ ಕೈ ನಡುಗುತ್ತಿತ್ತು. ಅಪ್ಪ ಬೈಯಲಿಲ್ಲ. "ಕೀಲು ನೋಡದ ನಾವು ಚಕ್ಕಡಿ ಹೂಡತಿದ್ದಿಲ್ಲ" ಎಂದಷ್ಟೇ ಹೇಳಿ ಕಂಬಿ ಹಿಡಿದು ನಿಂತರು. ನಿಧಾನಕ್ಕೆ ಮುಂದಿನ ಎಕ್ಸಿಟ್‌ವರೆಗೆ ಹೋಗಿ ಹಿಂದಿರುಗಿದೆವು. ಶಿರಡಿ ಆಗಲಿಲ್ಲ.

ಕಾಂಪ್ಟಿ ರಸ್ತೆಯ ಹಳೆಯ ಮೇಸ್ತ್ರಿಯೊಬ್ಬರು ಗಾಲಿ ಬಿಚ್ಚಿ ಎರಡು ತಪ್ಪು ತೋರಿಸಿದರು. ಮೊದಲನೆಯದು, ಸ್ಪೇಸರಿನ ನಡುವಿನ ತೂತು. ನನ್ನ ಕಾರಿನ ಹಬ್ಬಿನ ಮೂತಿ 57.1 ಮಿಲಿಮೀಟರ್, ಇದು ಹತ್ತಾರು ಕಾರಿಗೆ ಆಗಲೆಂದು ಅದಕ್ಕಿಂತ ದೊಡ್ಡದಾಗಿ ಕೊರೆದ ಬಿಲ್ಲೆ. ಗಾಲಿಯನ್ನು ನಡುವಿಗೆ ಕೂರಿಸಬೇಕಾದ ಮೂತಿಗೆ ಹಿಡಿತವೇ ಇಲ್ಲ, ಆ ಕೆಲಸವೆಲ್ಲ ಬೋಲ್ಟುಗಳ ಮೇಲೆ. ಎರಡನೆಯದು, ಆ ಬೋಲ್ಟುಗಳು. ಮೂಲ ಬೋಲ್ಟಿನ ತಲೆಯ ಕೆಳಭಾಗ ಚೆಂಡಿನ ಹಾಗೆ ದುಂಡಗೆ, ಗಾಲಿಯ ಗುಳಿಯೂ ದುಂಡಗೆ. ಉದ್ದದ ಬೋಲ್ಟು ಬೇಕೆಂದು ಅಂಗಡಿಯವರು ಹಾಕಿದ್ದು ಶಂಕುವಿನಂತೆ ಚೂಪಾದವು. ಗುಳಿಯಲ್ಲಿ ಕೂರದೆ ತೆಳು ಗೆರೆಯಷ್ಟೇ ತಾಗುತ್ತಿದ್ದವು. ಎಷ್ಟು ಬಿಗಿದರೂ ಸಡಿಲವಾಗುವುದೇ.

"ಸ್ಪೇಸರ್ ಕೆಟ್ಟದ್ದಲ್ಲ ಭಾವೂ" ಅಂದರು ಮೇಸ್ತ್ರಿ. "ಮೂತಿಗೆ ಸರಿಯಾಗಿ ಕೊರೆದದ್ದು, ದಪ್ಪಕ್ಕೆ ತಕ್ಕಷ್ಟು ಉದ್ದದ, ಗುಳಿಗೆ ಕೂರುವ ಬೋಲ್ಟು, ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಿಗಿ ನೋಡುವುದು. ಇಷ್ಟಿದ್ದರೆ ನಿಲ್ಲುತ್ತದೆ." ಒಳ್ಳೆಯ ಜೋಡಿ ತರಿಸಿಕೊಡಲೇ ಎಂದೂ ಕೇಳಿದರು. ಬೇಡವೆಂದೆ. ಕಂಪನಿ ಕೊಟ್ಟ ವಿವರಕ್ಕೆ ಭಿನ್ನವಾಗಿ ವಾಹನ ಬದಲಿಸುವಂತಿಲ್ಲ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಹೆಂಡತಿಗೆ ಆ ಕಾರಣ ಹೇಳಿದೆ. ನಿಜವಾದ ಕಾರಣ ಅದಲ್ಲ. ಪಕ್ಕದ ಸೀಟಿನಲ್ಲಿ ಅಪ್ಪ ಕೂತಿದ್ದರು.

ಈಗ ಗಾಲಿಗಳು ಮತ್ತೆ ಒಳಗೆ ಹೋಗಿವೆ. ಫುಟಾಳಾದಲ್ಲಿ ಬೇರೆ ಕಾರುಗಳ ಪಕ್ಕ ನಿಲ್ಲಿಸಿದಾಗ ಈಗಲೂ ಒಳಗೆ ಚುರ್ ಅನ್ನುತ್ತದೆ. ಒಂದು ಟಾರ್ಕ್ ಸ್ಪಾನರ್ ಕೊಂಡಿದ್ದೇನೆ. ತಿಂಗಳಿಗೊಮ್ಮೆ 120 ನ್ಯೂಟನ್ ಮೀಟರಿಗೆ ಇಟ್ಟು 20 ಬೋಲ್ಟುಗಳನ್ನೂ ನೋಡುತ್ತೇನೆ. ಅಪ್ಪ ಫೋನು ಮಾಡಿದಾಗ ಮೊದಲು ಮೊಮ್ಮಗಳನ್ನು ವಿಚಾರಿಸುತ್ತಾರೆ, ಆಮೇಲೆ ಮಳೆಯ ಸುದ್ದಿ, ಕೊನೆಗೆ, "ಕೀಲು ನೋಡಿದೀ?"

ಶಿರಡಿಗೆ ಇನ್ನೂ ಹೋಗಬೇಕು.