ಐವತ್ತಾರರ ಮುದ್ರೆ

ಧರ್ಮಪುರ, 26 ಮೇ 2025, ಸೋಮವಾರ

ಶೇಂಗಾ ಬಿತ್ತನೆ ಹತ್ತಿರ ಬಂತು. ಬ್ಯಾಂಕಿನಲ್ಲಿ ಬೆಳಿಗ್ಗೆಯಿಂದ ಒಡವೆ ಅಡ ಇಡುವವರದೇ ಸಾಲು. ಗುಂಡಿನ ಸರ, ಜುಮುಕಿ, ಬೆಂಡೋಲೆ. ತೂಗಬೇಕು, ಒರೆ ಹಚ್ಚಬೇಕು, ಕಲ್ಲಿನ ತೂಕ ಕಳೆದು ಚೀಟಿ ಬರೆಯಬೇಕು. ಸಾಲ ಚಿನ್ನದ ಮೇಲೆ ಮಾತ್ರ. ಬೆಂಡೋಲೆಯ ಕಲ್ಲು ವಜ್ರವಾದರೂ ಗಾಜಾದರೂ ಚೀಟಿಯಲ್ಲಿ ಸೊನ್ನೆ.

ಸಂಜೆ ಟೀಚರಮ್ಮ ಮನೆಗೆ ಬಂದು, ಸೀರೆಗೆ ಸಿಕ್ಕಿಸುವ ಹಳೇ ಬ್ರೋಚೊಂದನ್ನು ಬಿಚ್ಚಿಟ್ಟರು. ಮಾವನವರು ಬೆಂಗಳೂರಿನಲ್ಲಿ ಕೊಂಡದ್ದಂತೆ. ರಶೀದಿ ಇಲ್ಲ. ಯಾವುದೋ ಅಂಗಡಿಯವರು ಒರೆ ಹಚ್ಚಿ, ಬೆರಕೆ ಚಿನ್ನ, ಕರಗಿಸಿದರೆ ಒಂದಿಷ್ಟು ಬರುತ್ತದೆ ಅಂದಿದ್ದಾರೆ. “ಆಚಾರ್ರೇ, ನೀವೊಂದು ಸಲ ನೋಡ್ಬಿಡಿ, ಆಮೇಲೆ ಕೊಡ್ತೀನಿ” ಅಂದರು. ಕರಗಿಸುವ ಮಾತು ಕೇಳಿ ಹೊಟ್ಟೆಯಲ್ಲಿ ಸಂಕಟವಾಯಿತು.

27 ಮೇ

ಬೆಳಗಿನ ಬಿಸಿಲಲ್ಲಿ ಹತ್ತು ಪಟ್ಟು ಕಾಣುವ ಭೂತಗನ್ನಡಿ ಹಿಡಿದು ಕೂತೆ. ಮುಂಭಾಗಕ್ಕಿಂತ ಹಿಂಭಾಗ ಹೆಚ್ಚು ಮಾತಾಡಿತು. ಸೂಜಿಯ ಬುಡದಲ್ಲಿ ಸಾಸಿವೆಗಿಂತ ಸಣ್ಣ ಮುದ್ರೆ: ಕಿರೀಟದಂಥ ಶಿರವಸ್ತ್ರ ತೊಟ್ಟ ಹೆಣ್ಣಿನ ಮುಖ, ಪಕ್ಕದಲ್ಲಿ 56. ರಷ್ಯಾದ ಸರ್ಕಾರಿ ಮುದ್ರೆಯಲ್ಲಿ ಈ ಮುಖ 1908ರವರೆಗೆ ಎಡಕ್ಕೆ ನೋಡುತ್ತಿತ್ತು, ಆಮೇಲೆ ಬಲಕ್ಕೆ. ಇದು ಬಲಕ್ಕೆ ನೋಡುತ್ತಿದೆ. ಜೊತೆಗಿರುವ ಗ್ರೀಕ್ ಆಲ್ಫಾ ಅಕ್ಷರ ಪೀಟರ್ಸ್‌ಬರ್ಗ್ ಕಚೇರಿಯ ಗುರುತು. ಮಾಸ್ಕೋದ್ದಾದರೆ ಡೆಲ್ಟಾ ಇರುತ್ತಿತ್ತು.

ಆ ಕಾಲದ ರಷ್ಯಾದಲ್ಲಿ ಚಿನ್ನದ ಶುದ್ಧತೆಗೆ 96 ಪಾಲಿನ ಲೆಕ್ಕ. 96ರಲ್ಲಿ 56 ಅಂದರೆ ನೂರಕ್ಕೆ 58.3, ನಮ್ಮ 14 ಕ್ಯಾರೆಟ್. 916ಕ್ಕೆ ಪಳಗಿದ ನಮ್ಮ ಕಣ್ಣಿಗೆ ಅದು ಬೆರಕೆ. ಅವರಿಗೆ ಅದೇ ರೂಢಿಯ ಹದ. ಗಟ್ಟಿ ಚಿನ್ನ, ಕಲ್ಲನ್ನು ಬಿಗಿಯಾಗಿ ಹಿಡಿಯುತ್ತದೆ. ಆ ಅಂಗಡಿಯವರ ಒರೆ ಸುಳ್ಳಲ್ಲ, ತೀರ್ಮಾನ ಅನ್ಯಾಯದ್ದು.

ಕಲ್ಲುಗಳು ಹಳೇ ಕಟಿಂಗಿನವು. ಒಂದರಂತೆ ಇನ್ನೊಂದಿಲ್ಲ. ತಳದ ಮೊನೆಯನ್ನು ಚಪ್ಪಟೆಯಾಗಿ ಕಡೆದಿರುವುದರಿಂದ ಮೇಲಿನಿಂದ ನೋಡಿದರೆ ನಡುವೆ ತೂತು ಬಿದ್ದಂತೆ ಕಾಣುತ್ತದೆ. ಉಸಿರು ಊದಿದೆ, ಮಬ್ಬು ತಕ್ಷಣ ಹೋಯಿತು. ವಜ್ರದ ಬಿಳುಪು ಹಳದಿಗೆ ತಿರುಗದಿರಲೆಂದು ಮುಂದೆ ಕಲ್ಲು ಕೂರಿಸಲು ಬೆಳ್ಳಿ, ಹಿಂದೆ ಚಿನ್ನ. ಎಂಥ ಕೈ ಅದು!

29 ಮೇ

ಟೀಚರಮ್ಮನ ಮಗ ಫೋನ್ ಮಾಡಿದ್ದ. ರಷ್ಯಾದ್ದು ಅಂದಮೇಲೆ ತಾತಗುಣಿಯ ರೋರಿಕ್ ಮನೆಯದೇ ಇರಬೇಕು, ಹಾಗೇ ಬರೆದುಕೊಡಿ ಎಂದ. ಚಿತ್ರಕಾರ ಸ್ವೆಟೊಸ್ಲಾವ್ ರೋರಿಕ್ 1904ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿದವರು, ದೇವಿಕಾ ರಾಣಿಯ ಗಂಡ, ಬೆಂಗಳೂರಿನ ಹೊರಗೆ ನೆಲೆಸಿದವರು ಎಂಬುದೆಲ್ಲ ನಿಜ. ಈ ಒಡವೆ ಅವರದೆನ್ನಲು ಒಂದು ಚೂರು ಕಾಗದವಿಲ್ಲ. ದೊಡ್ಡವರ ಹೆಸರು ಅಂಟಿಸಿ ಬೆಲೆ ಏರಿಸುವುದು ನನ್ನ ಕೈಲಾಗದು. ರಷ್ಯಾದ ಹೆಸರಾಂತ ಒಡವೆಗಾರ ಫ್ಯಾಬರ್ಜೆಯ ಹೆಸರಿನ ಕಳ್ಳಮುದ್ರೆಗಳೇ ಜಗತ್ತಿನ ತುಂಬ ಇವೆ.

ಲಂಡನ್ನಿಗೆ ಒಯ್ದು ಹರಾಜಿಗೆ ಹಾಕುವುದು ಅವನ ಆಸೆ. 1972ರ ಪುರಾತನ ವಸ್ತುಗಳ ಕಾಯ್ದೆಯಂತೆ ನೂರು ವರ್ಷ ದಾಟಿದ ಇಂಥ ಕುಶಲವಸ್ತುಗಳನ್ನು ಖಾಸಗಿಯವರು ದೇಶದಾಚೆ ಸಾಗಿಸುವಂತಿಲ್ಲ. ಮೊದಲು ಪುರಾತತ್ವ ಇಲಾಖೆಯನ್ನು ಕೇಳು ಎಂದು ಹೇಳಿದೆ.

1 ಜೂನ್, ಭಾನುವಾರ

ಬರೆದುಕೊಟ್ಟದ್ದು ಇಷ್ಟು: “ಮುದ್ರೆಯ ಪ್ರಕಾರ ಪೀಟರ್ಸ್‌ಬರ್ಗ್, 1908ರ ನಂತರದ್ದು. ಚಿನ್ನ 14 ಕ್ಯಾರೆಟ್, ಕಲ್ಲು ಕೂರಿಸಿದ್ದು ಬೆಳ್ಳಿಯಲ್ಲಿ. ಕಲ್ಲು ಹಳೇ ಕಟಿಂಗಿನ ವಜ್ರವೆಂದು ಕಾಣುತ್ತದೆ. ಬೆಂಗಳೂರಿನ ಪ್ರಯೋಗಾಲಯದಲ್ಲಿ ಕಲ್ಲು ಕೀಳದೆ ಪರೀಕ್ಷೆ ಮಾಡಿಸಬೇಕು. ಅಲ್ಲಿಯವರೆಗೆ ಬೆಲೆ ಕಟ್ಟುವಂತಿಲ್ಲ. ಪಾಲಿಶ್ ಕೂಡದು. ಮತ್ತೆ ಒರೆ ಹಚ್ಚಕೂಡದು. ಕರಗಿಸತಕ್ಕದ್ದಲ್ಲ.”