ದೀಪದ ತುದಿಯಲ್ಲಿ ನೀಲಿ

ಕೇಜಿನ ಕಬ್ಬಿಣದ ಬಾಗಿಲು ಧಡಾರನೆ ಮುಚ್ಚುತ್ತದೆ. ನೆಲ ಕಾಲಡಿಯಿಂದ ಜಾರುತ್ತದೆ, ಕಿವಿ ಕಟ್ಟಿಕೊಳ್ಳುತ್ತದೆ, ಉಗುಳು ನುಂಗಿ. ನೀವೀಗ ಜಾರ್ಖಂಡಿನ ಝರಿಯಾದ ಕಲ್ಲಿದ್ದಲು ಗಣಿಯಲ್ಲಿ ಐನೂರು ಮೀಟರ್ ಆಳಕ್ಕೆ ಇಳಿಯುತ್ತಿದ್ದೀರಿ.

ನಿಮ್ಮೂರು ಅಂತರಘಟ್ಟೆಯಲ್ಲಿ ಇಷ್ಟೇ ಆಳಕ್ಕೆ ಬೋರು ಕೊರೆಸಿದರೂ ಕಲ್ಲಿದ್ದಲಿನ ಚೂರೂ ಸಿಗದು. ಅಲ್ಲಿನ ಧಾರವಾಡ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಅವು ರೂಪುಗೊಂಡಾಗ ಭೂಮಿಯ ಮೇಲೆ ಮರವೆಂಬುದೇ ಇರಲಿಲ್ಲ. ಇಲ್ಲಿರುವುದು ಸುಮಾರು 28 ಕೋಟಿ ವರ್ಷಗಳ ಹಿಂದೆ ಹೂತುಹೋದ ಕಾಡು.

ನಡೆಯಿರಿ. ಅಂಗಿ ಬೆನ್ನಿಗೆ ಅಂಟಿದೆ. ಒದ್ದೆ ಕಲ್ಲಿದ್ದಲಿನ, ಯಂತ್ರದೆಣ್ಣೆಯ ವಾಸನೆ. ಮುಂದಿರುವ, ಪಾಳಿಯ ಸುರಕ್ಷೆ ನೋಡುವ ಮೈನಿಂಗ್ ಸರ್ದಾರರು ಕೈಯೆತ್ತಿ ನಿಲ್ಲುತ್ತಾರೆ. ಕಿವಿಗೊಡಿ: ಗೋಡೆ ಚಟಚಟ ಎನ್ನುತ್ತಿದೆ. ನೀರು ಜಿನುಗುವ ಬಿರುಕಿನಲ್ಲಿ ಗುಳ್ಳೆಗಳೆದ್ದು ಒಡೆಯುತ್ತಿವೆ. ಅದು ಮೀಥೇನ್. ಮೂಗು ಅರಳಿಸಿ ಪ್ರಯೋಜನವಿಲ್ಲ, ಅದಕ್ಕೆ ವಾಸನೆಯಿಲ್ಲ. ಅಡುಗೆಮನೆ ಸಿಲಿಂಡರಿನ ಗಬ್ಬು ನಾತ ಸೋರಿಕೆ ತಿಳಿಯಲೆಂದು ಬೆರೆಸಿದ್ದು. ಇಲ್ಲಿ ಯಾರೂ ಬೆರೆಸಿಲ್ಲ.

ಅಂಗೈಯನ್ನು ಗೋಡೆಗೆ ಒತ್ತಿ. ಮಿರುಗುವ ಕಪ್ಪು, ಉಗುರು ಇಳಿಯದಷ್ಟು ಸಣ್ಣ ಸೀಳುಗಳು. ಕಾವಿಗೂ ಒತ್ತಡಕ್ಕೂ ಸಿಕ್ಕಿ ಕಲ್ಲಿದ್ದಲು ಲಿಗ್ನೈಟಿನಿಂದ ಬಿಟುಮಿನಸ್ ದರ್ಜೆಗೆ ಮಾಗುವಾಗ ಒಳಗೇ ಮೀಥೇನ್ ಹುಟ್ಟಿ, ಕಣ್ಣಿಗೆ ಕಾಣದ ರಂಧ್ರಗಳ ಒಳಮೈಗೆ ಅಂಟಿ ಕೂರುತ್ತದೆ. ಅದನ್ನು ಅಲ್ಲಿ ಹಿಡಿದಿಟ್ಟಿರುವುದು ಒತ್ತಡ. ಯಂತ್ರದ ಹಲ್ಲು ತಾಗಿದೊಡನೆ ಆ ಹಿಡಿತ ಸಡಿಲವಾಗುತ್ತದೆ.

ಸರ್ದಾರರು ಸುರಕ್ಷಾ ದೀಪದ ಬತ್ತಿ ತಗ್ಗಿಸಿ, ಅದನ್ನು ಇಂಚಿಂಚಾಗಿ ಸೂರಿನತ್ತ ಎತ್ತುತ್ತಾರೆ. ಮೀಥೇನ್ ಹಗುರ, ಮೇಲೆಯೇ ಕೂಡುತ್ತದೆ. ಪುಟ್ಟ ಜ್ವಾಲೆಯ ತುದಿಗೆ ಮೀಥೇನಿನ ಗುರುತಾದ ಮಸುಕು ನೀಲಿ ಕಾಣಿಸುತ್ತದೆ. ಬೆಳೆಯುತ್ತದೆ.

ನಿಮ್ಮ ಗಂಟಲು ಒಣಗುತ್ತದೆ. ದೀಪವನ್ನು ಗಬಕ್ಕನೆ ಎಳೆದರೆ ಜ್ವಾಲೆ ತನ್ನ ಸುತ್ತಲಿನ ಜಾಲರಿ ದಾಟಬಹುದು. ಅಲ್ಲೇ ಹಿಡಿದರೂ ಅಪಾಯ. ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಮೀಥೇನ್ ಸೇರಿದರೆ ಒಂದು ಕಿಡಿ ಸಾಕು. ನಿಯಮ ಶೇ. 1.25 ದಾಟಿದರೇ ಕರೆಂಟು ತೆಗೆಯಿರಿ ಎನ್ನುತ್ತದೆ. ತೆಗೆದರೆ ಪಾಳಿಯ ಕೆಲಸ ಹಾಳು. ತೆಗೆಯದಿದ್ದರೆ ಸ್ಫೋಟದ ಭಯ. ಗಣಿ ಸ್ಫೋಟ ಏನು ಮಾಡುತ್ತದೆಂದು ಗೊತ್ತಿದೆ: 1965ರ ಮೇ 28. ಧೋರಿ ಗಣಿಯ ಸ್ಫೋಟ. 268 ಸಾವು.

ದೀಪ ಮೆಲ್ಲಗೆ ಇಳಿಯುತ್ತದೆ. ಸ್ವಿಚ್ ಬೀಳುತ್ತದೆ. ಯಂತ್ರ ನಿಲ್ಲುತ್ತದೆ. "ಚಲೋ, ಬಾಹರ್!" ಓಡಬೇಡಿ. ಮುಖಕ್ಕೆ ತಣ್ಣನೆ ಗಾಳಿ ಬಡಿಯುವ ದಾರಿ ಹಿಡಿಯಿರಿ.

ಮೇಲೆ ಬಂದಾಗ ಮೊಣಕಾಲು ನಡುಗುತ್ತಿದೆ. ನೀವು ಬಿಟ್ಟುಬಂದ ಅನಿಲವನ್ನು ಗಣಿಯ ಫ್ಯಾನು ಎಳೆದು ಆಕಾಶಕ್ಕೆ ಚೆಲ್ಲುತ್ತಿದೆ. ಒಲೆ ಉರಿಸಬೇಕಾದದ್ದು ಹೀಗೆ ಹೋಗಿ ಭೂಮಿಯನ್ನು ಬಿಸಿಮಾಡುತ್ತಿರುವುದು ನನ್ನನ್ನು ಸಂಕಟಕ್ಕೆ ತಳ್ಳುತ್ತದೆ, ಏಕೆಂದರೆ ಬೇರೆ ದಾರಿ ಗೊತ್ತಿದೆ. ಪಕ್ಕದ ರಾಣಿಗಂಜ್‌ನಲ್ಲಿ 2007ರಿಂದ ಬಾವಿ ಕೊರೆದು ಈ ಅನಿಲವನ್ನು ಮಾರಾಟಕ್ಕೆ ತೆಗೆಯುತ್ತಿದ್ದಾರೆ. ಅಂತರಘಟ್ಟೆಯಲ್ಲಿ ನೀರು ಬರಲೆಂದು ಪಂಪು ಹಾಕುತ್ತೀರಿ; ಇಲ್ಲಿ ನೀರು ಹೋಗಲೆಂದು ಹಾಕುತ್ತಾರೆ. ನೀರು ಇಳಿದರೆ ಒತ್ತಡ ಇಳಿಯುತ್ತದೆ, ಅನಿಲ ಕಲ್ಲಿದ್ದಲನ್ನು ಬಿಟ್ಟು ಕೊಳವೆಗೆ ಬರುತ್ತದೆ. ಝರಿಯಾದ ಮೂನಿಡೀಹ್ ಗಣಿಯಲ್ಲಿ 2008ರಲ್ಲಿ ಇದೇ ಅನಿಲದಿಂದ ವಿದ್ಯುತ್ ತೆಗೆದು ತೋರಿಸಿದ್ದಾರೆ. ಅಗೆಯುವ ಮೊದಲೇ ಹೀರಿದಷ್ಟೂ ಕೆಳಗಿನವರಿಗೆ ಅಪಾಯ ಕಡಿಮೆ.

ಮುಂದಿನ ಪಾಳಿಯವರು ಕೇಜಿನ ಮುಂದೆ ನಿಂತಿದ್ದಾರೆ. ಎಷ್ಟಿತ್ತು ಎಂದು ನಿಮ್ಮನ್ನೇ ಕೇಳುತ್ತಾರೆ. ಗಾಳಿ ತಿಳಿಯಾಗುವವರೆಗೆ ಅವರನ್ನು ಇಳಿಸುವುದಿಲ್ಲ.